ಸಕ್ಕರೆ ಕಾಯಿಲೆಯಲ್ಲಿ ನಡಿಗೆಯ ಅಭ್ಯಾಸ

ಹಲವು ವರ್ಷಗಳಿಂದ ಮಧುಮೇಹವಿರುವವರಲ್ಲಿ ಕೆಲವರು, ನಡೆಯುವಾಗ ಕಾಲಿನಿಂದ ಚಪ್ಪಲಿ ಕಳಚಿಹೋದುದೇ ತಮಗೆ ತಿಳಿಯಲಿಲ್ಲವೆಂದು ಹೇಳುವುದುಂಟು. ಮತ್ತೆ ಕೆಲವರಿಗೆ ಗಟ್ಟಿನೆಲದ ಮೇಲೆ ನಡೆದರೂ ಹತ್ತಿಯ ಮೇಲೆ ನಡೆದಂತೆ ತೋರುತ್ತದೆ. ಬಚ್ಚಲಿನಲ್ಲಿ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದೊಡನೆ ತೂಗಾಡುತ್ತಾರೆ. ಇದು ಮುಪ್ಪಿನ ನಿಶ್ಶಕ್ತಿಯೆಂದು ಮನೆಯವರು ಅವರನ್ನು ಕುರ್ಚಿಯಲ್ಲಿ ಕೂರಿಸಿಬಿಡುವುದು ತಪ್ಪು.

ರಕ್ತದಲ್ಲಿ ಸಕ್ಕರೆಯ ಅಂಶ ದೀರ್ಘಕಾಲ ಹೆಚ್ಚಾಗಿದ್ದರೆ ನರಗಳು ಕೆಡುತ್ತವೆ. ಅತಿ ಉದ್ದವಾದ ನರಗಳಿಗೆ ಮೊದಲು ಪೆಟ್ಟು ಬೀಳುವುದರಿಂದ ಜೋಮು ಕಾಲ್ಬೆರಳುಗಳಲ್ಲಿ ಆರಂಭವಾಗುತ್ತದೆ. ಅಂಗಾಲು ನೆಲದ ಏರುತಗ್ಗನ್ನೂ, ಕೀಲುಗಳು ತಮ್ಮ ಬಾಗನ್ನೂ ಮಿದುಳಿಗೆ ಸರಿಯಾಗಿ ತಿಳಿಸಲಾರವು. ಪಾದದ ಸ್ನಾಯುಗಳೂ ಸೊರಗುತ್ತವೆ. ರೋಗಿಯು ಕಣ್ಣನ್ನೇ ನೆಚ್ಚಿ, ಕಾಲುಗಳನ್ನು ಅಗಲಿಸಿ, ಚಿಕ್ಕ ಚಿಕ್ಕ ಹೆಜ್ಜೆಯಿಡುತ್ತಾನೆ. ಕತ್ತಲೆಯಲ್ಲಿ ಆ ಆಸರೆಯೂ ತಪ್ಪುತ್ತದೆ.

ಕೆಟ್ಟ ನರವು ಅಂಗಸಾಧನೆಯಿಂದ ಮೊದಲಿನಂತಾಗುವುದೆಂದು ಯಾರೂ ಭರವಸೆ ಕೊಡಲಾರರು. ಆದರೆ ಉಳಿದಿರುವ ಬಲವನ್ನು ಪಳಗಿಸಬಹುದು. ಸ್ವಿಟ್ಜರ್ಲೆಂಡಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇಂಥ 71 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ 2 ಸಲದಂತೆ 12 ವಾರ ನಡಿಗೆ ಮತ್ತು ಸಮತೋಲನದ ಅಭ್ಯಾಸ ಮಾಡಿಸಲಾಯಿತು. ಅವರ ನಡಿಗೆ ಚುರುಕಾಯಿತು, ಬೀಳುವ ಭಯ ಕಡಮೆಯಾಯಿತು. ಹಿಂದೆ ವೈದ್ಯರೇ ಇಂಥವರಿಗೆ ಹೆಚ್ಚು ನಡೆಯಬೇಡಿರೆಂದು ಹೇಳುತ್ತಿದ್ದರು. ಪಾದದಲ್ಲಿ ಹುಣ್ಣಿಲ್ಲದವರು ಮಿತವಾಗಿ ನಡೆಯಬಹುದೆಂದು ಅಮೆರಿಕದ ಮಧುಮೇಹ ಸಂಘವು 2010ರಲ್ಲಿ ಒಪ್ಪಿದೆ.

ಅಭ್ಯಾಸಕ್ಕೆ ಯಂತ್ರಗಳು ಬೇಕಿಲ್ಲ. ಮೊದಲು ಕುಳಿತು ಹರಡನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ, ಸುತ್ತಲೂ ತಿರುಗಿಸಬೇಕು. ಬಳಿಕ ಕಿಟಕಿಯ ಸರಳನ್ನು ಹಿಡಿದು ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸಬೇಕು. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು ತೊಡೆಗೆ ಬಲ ಕೊಡುತ್ತದೆ. ಇಷ್ಟು ಸಾಧಿಸಿದ ಮೇಲೆ ಸರಳು ಹಿಡಿದೇ ಒಂಟಿಕಾಲಿನಲ್ಲಿ ನಿಲ್ಲುವುದು, ಅನಂತರ ಗೋಡೆಯ ಪಕ್ಕದಲ್ಲಿ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ಗೆರೆಯ ಮೇಲೆ ನಡೆಯುವುದು. ಮೊದಮೊದಲು ಮನೆಯವರೊಬ್ಬರು ಹತ್ತಿರವಿರತಕ್ಕದ್ದು. ಸಮೀಪದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗವಿದ್ದರೆ ಅಲ್ಲಿ ಒಮ್ಮೆ ನಡಿಗೆಯನ್ನು ಪರೀಕ್ಷಿಸಿಕೊಂಡು ಆರಂಭಿಸುವುದು ಲೇಸು.

ಕೋಲು ಹಿಡಿಯಲು ನಾಚುವವರು ಬಹಳ. ಕೋಲು ದೇಹಕ್ಕೆ ಆಸರೆಯಾಗುವುದಷ್ಟೇ ಅಲ್ಲ, ಅಂಗಾಲು ಹೇಳಲಾರದ ನೆಲದ ಸುದ್ದಿಯನ್ನು ಕೈಗೆ ತಲುಪಿಸುತ್ತದೆ. ನಾಚಿಕೆ ಬಿಟ್ಟು ಹಿಡಿಯಬೇಕು.

ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಅಭ್ಯಾಸ ಮಾಡಬಾರದು. ಬೆವರು, ನಡುಕ ಕಂಡರೆ ಬಾಯಿಗೆ ಹಾಕಿಕೊಳ್ಳಲು ಸಕ್ಕರೆ ಜೇಬಿನಲ್ಲಿರಲಿ. ಎದ್ದು ನಿಂತೊಡನೆ ಕಣ್ಣು ಕತ್ತಲಿಡುವವರು ವೈದ್ಯರಿಗೆ ತಿಳಿಸಿಯೇ ಮುಂದುವರಿಯಬೇಕು.

ಬರಿಗಾಲಿನಲ್ಲಿ ನಡೆಯುವುದು, ಮನೆಯೊಳಗಾದರೂ ಸರಿ, ಕೂಡದು. ಬಿಸಿಲಿಗೆ ಕಾದ ದೇವಾಲಯದ ಪ್ರಾಕಾರದ ಕಲ್ಲು ಬೊಬ್ಬೆಯೆಬ್ಬಿಸಿದರೂ ಈ ಪಾದಕ್ಕೆ ತಿಳಿಯದು. ಅಲ್ಲಿಗೆ ಬೆಳಗಿನ ಹೊತ್ತು ಹೋಗುವುದು ಒಳಿತು. ಕುಷ್ಠರೋಗಿಗಳ ಜೋಮು ಪಾದಗಳಿಗೂ ಬಳಸಲಾಗುವ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ, ಹಿಂಬದಿಗೆ ಪಟ್ಟಿಯಿರುವ ಚಪ್ಪಲಿ ಉತ್ತಮ. ಹಾಕಿಕೊಳ್ಳುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಪ್ರತಿ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿರಿ; ಕಣ್ಣು ಮಂಜಾಗಿದ್ದರೆ ಮಕ್ಕಳಿಂದ ನೋಡಿಸಿಕೊಳ್ಳಿರಿ. ಗಾಯ ಕಂಡರೆ ಅದು ಮಾಯುವವರೆಗೆ ನಿಂತು ಮಾಡುವ ಅಭ್ಯಾಸವನ್ನೂ ನಡಿಗೆಯನ್ನೂ ನಿಲ್ಲಿಸಬೇಕು. ಒಂದು ಪಾದ ಮಾತ್ರ ಕೆಂಪೇರಿ, ಬಿಸಿಯಾಗಿ, ಊದಿಕೊಂಡಿದ್ದರೆ, ನೋವಿಲ್ಲದಿದ್ದರೂ, ಆ ಕಾಲೂರದೆ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ಒಳಗಿನ ಮೂಳೆಗಳು ಮುರಿದು ಪಾದವೇ ಕುಸಿಯುವ ಸ್ಥಿತಿಯು ಹೀಗೆಯೇ ಆರಂಭವಾಗುತ್ತದೆ.