ತರಗತಿಯ ಪ್ರಶ್ನೆಗೆ ಸಂಶೋಧನಾ ಅನುದಾನ: ಪದವಿ ಅಧ್ಯಾಪಕರಿಗೆ ಹಂತ ಹಂತದ ಮಾರ್ಗದರ್ಶಿ

ಅಧ್ಯಾಪಕರ ಸಂಶೋಧನೆ ಎಂದರೆ ಅವರವರ ವಿಷಯದಲ್ಲಿ ನಡೆಸುವ ಸಂಶೋಧನೆ ಎಂಬುದೇ ರೂಢಿಯ ತಿಳಿವಳಿಕೆ. ಇತಿಹಾಸದ ಅಧ್ಯಾಪಕರು ಶಾಸನಗಳನ್ನು, ರಸಾಯನಶಾಸ್ತ್ರದ ಅಧ್ಯಾಪಕರು ಸಂಯುಕ್ತಗಳನ್ನು ಪರಿಶೀಲಿಸಿದರೆ ಅದು ಸಂಶೋಧನೆ ಎನಿಸಿಕೊಳ್ಳುತ್ತದೆ. ಆದರೆ ಆ ವಿಷಯವನ್ನು ವಿದ್ಯಾರ್ಥಿಗಳು ಹೇಗೆ ಕಲಿಯುತ್ತಾರೆ, ಎಲ್ಲಿ ಎಡವುತ್ತಾರೆ, ಯಾವ ಬೋಧನಾಕ್ರಮದಿಂದ ಅವರ ಗ್ರಹಿಕೆ ಗಟ್ಟಿಯಾಗುತ್ತದೆ ಎಂಬುದನ್ನು ಅಷ್ಟೇ ಶಿಸ್ತಿನಿಂದ ಪರಿಶೀಲಿಸುವುದಕ್ಕೆ ಆ ಮನ್ನಣೆ ತಡವಾಗಿ ದೊರೆಯಿತು. ಅಮೆರಿಕದ ಕಾರ್ನೆಗಿ ಪ್ರತಿಷ್ಠಾನದ ಅಧ್ಯಕ್ಷರಾಗಿದ್ದ ಅರ್ನೆಸ್ಟ್ ಬಾಯರ್ 1990ರಲ್ಲಿ ಹೊರತಂದ ವರದಿಯಲ್ಲಿ ವಿದ್ವತ್ತನ್ನು ಶೋಧನೆ, ಸಮನ್ವಯ, ಅನ್ವಯ ಮತ್ತು ಬೋಧನೆ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಬೋಧನೆಗೂ ವಿದ್ವತ್ತಿನ ಸ್ಥಾನವಿದೆಯೆಂದು ಪ್ರತಿಪಾದಿಸಿದ ನಂತರ ಈ ಕ್ಷೇತ್ರಕ್ಕೆ ಪ್ರತ್ಯೇಕ ಅನುದಾನ, ನಿಯತಕಾಲಿಕೆ ಮತ್ತು ಸಮ್ಮೇಳನಗಳು ರೂಪುಗೊಂಡವು.

ಇಂತಹ ಅಧ್ಯಯನಕ್ಕೆ ದುಬಾರಿ ಉಪಕರಣಗಳು ಬೇಕಿಲ್ಲ. ಬೇಕಾಗುವುದು ಅಧ್ಯಾಪಕರ ಸಮಯ, ದತ್ತಾಂಶ ಕಲೆಹಾಕುವ ಒಬ್ಬ ಸಹಾಯಕ ಮತ್ತು ಏನನ್ನು ಅಳೆಯಬೇಕು ಎಂಬುದರ ಸ್ಪಷ್ಟತೆ. ಆದ್ದರಿಂದ ಅನುದಾನದ ಮೂಲವನ್ನು ಹುಡುಕುವುದಕ್ಕಿಂತ ಮೊದಲು ಪ್ರಶ್ನೆಯನ್ನು ಹದಗೊಳಿಸಿಕೊಳ್ಳುವುದೇ ಜಾಣತನ. ಪ್ರಶ್ನೆ ಹರಿತವಾಗಿದ್ದರೆ ವಿಧಾನ, ಕಾಲಪಟ್ಟಿ, ಆಯವ್ಯಯ ಎಲ್ಲವೂ ಅದರಿಂದಲೇ ಹೊರಡುತ್ತವೆ.

ಹಂತ 1: ಪ್ರಶ್ನೆಯನ್ನು ಒಂದು ಸೆಮಿಸ್ಟರಿಗೆ ಇಳಿಸುವುದು

‘ಗ್ರಾಮೀಣ ವಿದ್ಯಾರ್ಥಿಗಳ ಕಲಿಕಾ ಸಮಸ್ಯೆಗಳು: ಒಂದು ಅಧ್ಯಯನ’ ಎಂಬಂತಹ ಶೀರ್ಷಿಕೆಯಿಂದ ಏನನ್ನು ಅಳೆಯಲಾಗುತ್ತದೆ ಎಂಬುದು ಪರಿಶೀಲಕರಿಗೆ ತಿಳಿಯುವುದಿಲ್ಲ. ಅದರ ಬದಲು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ವಿದ್ಯಾರ್ಥಿಗಳಿಗೆ ಚಲನೆಯ ನಿಯಮಗಳನ್ನು ಇಂಗ್ಲಿಷಿನಲ್ಲಿ ವಿವರಿಸುವ ಮುನ್ನ ಒಂದು ಪರಿಕಲ್ಪನಾ ಪ್ರಶ್ನೆಯನ್ನು ಕೊಟ್ಟು, ಹತ್ತು ನಿಮಿಷ ಕನ್ನಡದಲ್ಲಿ ಜೋಡಿಯಾಗಿ ಚರ್ಚಿಸಲು ಬಿಟ್ಟರೆ ಅವರ ಗ್ರಹಿಕೆ ಹೆಚ್ಚುತ್ತದೆಯೇ ಎಂದು ಕೇಳಿದರೆ ಯಾರು, ಯಾವ ಪಾಠ, ಯಾವ ಬದಲಾವಣೆ, ಯಾವ ಫಲಿತಾಂಶ ಎಂಬ ನಾಲ್ಕೂ ಅಂಶಗಳು ಒಂದೇ ವಾಕ್ಯದಲ್ಲಿ ಸಿಗುತ್ತವೆ. ಈ ನಾಲ್ಕರಲ್ಲಿ ಯಾವುದೊಂದು ಇಲ್ಲದಿದ್ದರೂ ಪ್ರಶ್ನೆ ಇನ್ನೂ ಪಕ್ವವಾಗಿಲ್ಲವೆಂದೇ ತಿಳಿಯಬೇಕು.

ಹಂತ 2: ಹಿಂದಿನ ಅಧ್ಯಯನಗಳನ್ನು ಗುರುತಿಸುವುದು

ಪ್ರಶ್ನೆ ಹೊಸದೆಂದು ತೋರಿದರೂ ಅದರ ಹಿಂದೆ ಒಂದು ಪರಂಪರೆ ಇರುತ್ತದೆ. ಮೇಲಿನ ಉದಾಹರಣೆಯಲ್ಲಿರುವ ಜೋಡಿ ಚರ್ಚೆಯ ಕ್ರಮವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದರು. ಅದೇ ದಶಕದಲ್ಲಿ, 1998ರಲ್ಲಿ, ರಿಚರ್ಡ್ ಹೇಕ್ 62 ಕೋರ್ಸುಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟುಗೂಡಿಸಿ, ವಿದ್ಯಾರ್ಥಿಗಳು ಪಾಲ್ಗೊಳ್ಳುವ ತರಗತಿಗಳಲ್ಲಿ ಪರಿಕಲ್ಪನೆಯ ಗ್ರಹಿಕೆಯ ಗಳಿಕೆಯು ಬರೀ ಉಪನ್ಯಾಸದ ತರಗತಿಗಳಿಗಿಂತ ಸುಮಾರು ಎರಡು ಪಟ್ಟು ಇದ್ದುದನ್ನು ತೋರಿಸಿದರು. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ 225 ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗ, ಉಪನ್ಯಾಸ ಪ್ರಧಾನ ತರಗತಿಗಳಲ್ಲಿ ಶೇ 33.8ರಷ್ಟಿದ್ದ ಅನುತ್ತೀರ್ಣತೆಯ ಪ್ರಮಾಣ ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಶೇ 21.8ರಷ್ಟಿತ್ತು. ಇವುಗಳನ್ನು ಹೆಸರಿಸಿ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಉತ್ತರಿಸಬೇಕಾದ ವಿದ್ಯಾರ್ಥಿಗಳಿಗೆ ಈ ಕ್ರಮ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದೇ ತಮ್ಮ ಅಧ್ಯಯನದ ವಿಶೇಷವೆಂದು ಅರ್ಜಿದಾರರು ವಿವರಿಸಿದರೆ, ಪೂರ್ವಾಧ್ಯಯನದ ಭಾಗವು ಗ್ರಂಥಗಳ ಪಟ್ಟಿಯಾಗದೆ ವಾದವಾಗುತ್ತದೆ.

ಹಂತ 3: ಅಳತೆಯ ವಿಧಾನವನ್ನು ನಿಶ್ಚಯಿಸುವುದು

ಪ್ರಸ್ತಾವನೆಯ ಬಲಾಬಲ ನಿರ್ಧಾರವಾಗುವುದು ಇಲ್ಲಿ. ಪಾಠಕ್ಕೆ ಮೊದಲು ಕೊಡುವ ಪೂರ್ವಪರೀಕ್ಷೆ ಮತ್ತು ಪಾಠ ಮುಗಿದ ಮೇಲೆ ಕೊಡುವ ಉತ್ತರಪರೀಕ್ಷೆಗಳ ಅಂಕವ್ಯತ್ಯಾಸವನ್ನಷ್ಟೇ ನೋಡಿದರೆ ಮೊದಲೇ ಹೆಚ್ಚು ತಿಳಿದವರ ಪ್ರಗತಿ ಕಡಿಮೆಯೆಂದು ಕಾಣುತ್ತದೆ. ಈ ದೋಷವನ್ನು ತಪ್ಪಿಸಲು ಹೇಕ್ ಬಳಸಿದ ಸಾಪೇಕ್ಷ ಗಳಿಕೆ ಎಂಬ ಅಳತೆಯಲ್ಲಿ, ಏರಿದ ಅಂಕವನ್ನು ಏರಲು ಉಳಿದಿದ್ದ ಅವಕಾಶದಿಂದ ಭಾಗಿಸಲಾಗುತ್ತದೆ. ಒಂದು ವಿಭಾಗದ ಸರಾಸರಿ ಶೇ 40ರಿಂದ 58ಕ್ಕೆ ಏರಿದರೆ ಏರಿಕೆ 18, ಉಳಿದಿದ್ದ ಅವಕಾಶ 60, ಗಳಿಕೆ 0.3, ಇನ್ನೊಂದು ವಿಭಾಗದ ಸರಾಸರಿ 70ರಿಂದ 82ಕ್ಕೆ ಏರಿದರೆ ಏರಿಕೆ 12 ಮಾತ್ರವಾದರೂ ಉಳಿದಿದ್ದ ಅವಕಾಶ 30 ಆದ್ದರಿಂದ ಗಳಿಕೆ 0.4. ಇಂತಹ ಒಂದು ಲೆಕ್ಕವನ್ನು ಪ್ರಸ್ತಾವನೆಯಲ್ಲಿ ಬಿಡಿಸಿ ತೋರಿಸಿದರೆ, ಬರಲಿರುವ ದತ್ತಾಂಶವನ್ನು ಹೇಗೆ ಬಳಸಲಾಗುತ್ತದೆ ಎಂಬ ಸಂದೇಹ ಪರಿಶೀಲಕರಿಗೆ ಉಳಿಯುವುದಿಲ್ಲ.

ಹೋಲಿಕೆಯ ಗುಂಪನ್ನು ಆರಿಸುವಾಗ ಕರ್ನಾಟಕದ ಅಧ್ಯಾಪಕರು ವಿಶೇಷ ಎಚ್ಚರ ವಹಿಸಬೇಕು. ರಾಜ್ಯವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಜಾರಿಗೆ ತಂದು, 2024-25ರಲ್ಲಿ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ಈ ವರ್ಷದ ವಿದ್ಯಾರ್ಥಿಗಳನ್ನು ಕೆಲವು ವರ್ಷ ಹಿಂದಿನವರೊಂದಿಗೆ ಹೋಲಿಸಿದರೆ ವ್ಯತ್ಯಾಸವು ಬೋಧನಾಕ್ರಮದಿಂದ ಬಂದದ್ದೋ ಪಠ್ಯಕ್ರಮದಿಂದ ಬಂದದ್ದೋ ಎಂದು ಬೇರ್ಪಡಿಸಲಾಗದು. ಒಂದೇ ವರ್ಷದ ಎರಡು ವಿಭಾಗಗಳನ್ನು, ಅಥವಾ ಒಂದೇ ಪಠ್ಯಕ್ರಮವಿರುವ ನೆರೆಯ ಎರಡು ಕಾಲೇಜುಗಳನ್ನು ಹೋಲಿಸುವುದು ಕ್ಷೇಮ. ಅಂಕಗಳ ಜೊತೆಗೆ ಆಯ್ದ ಕೆಲವು ವಿದ್ಯಾರ್ಥಿಗಳ ಸಂದರ್ಶನವನ್ನೂ ಸೇರಿಸಿದರೆ, ಗ್ರಹಿಕೆ ಎಷ್ಟು ಬದಲಾಯಿತು ಎಂಬುದರೊಂದಿಗೆ ಏಕೆ ಬದಲಾಯಿತು ಎಂಬುದಕ್ಕೂ ಉತ್ತರ ಸಿಗುತ್ತದೆ.

ಹಂತ 4: ವಿದ್ಯಾರ್ಥಿಗಳ ಒಪ್ಪಿಗೆ ಮತ್ತು ನೈತಿಕ ಅನುಮೋದನೆ

ಈ ಬಗೆಯ ಸಂಶೋಧನೆಯಲ್ಲಿ ಸಂಶೋಧಕರೇ ಪಾಠ ಹೇಳುವವರೂ ಆಂತರಿಕ ಮೌಲ್ಯಮಾಪನದ ಅಂಕ ಕೊಡುವವರೂ ಆಗಿರುವುದರಿಂದ, ಒಪ್ಪದಿದ್ದರೆ ಅಂಕ ಕಡಿಮೆಯಾದೀತೆಂಬ ಅಳುಕು ವಿದ್ಯಾರ್ಥಿಗಳಲ್ಲಿ ಸಹಜವಾಗಿಯೇ ಇರುತ್ತದೆ. ಆದ್ದರಿಂದ ಒಪ್ಪಿಗೆ ಪತ್ರಗಳನ್ನು ಆ ತರಗತಿಗೆ ಪಾಠ ಮಾಡದ ಸಹೋದ್ಯೋಗಿಯೊಬ್ಬರು ಪಡೆದು ತಮ್ಮಲ್ಲೇ ಇಟ್ಟುಕೊಳ್ಳಬೇಕು; ಯಾರು ಒಪ್ಪಿದ್ದಾರೆಂಬುದು ಸೆಮಿಸ್ಟರಿನ ಅಂಕಗಳು ಅಂತಿಮಗೊಂಡ ಮೇಲೆಯೇ ಸಂಶೋಧಕರಿಗೆ ತಿಳಿಯಬೇಕು. ಮೊದಲ ಸೆಮಿಸ್ಟರಿನಲ್ಲಿ 18 ವರ್ಷ ತುಂಬದ ವಿದ್ಯಾರ್ಥಿಗಳೂ ಇರುವುದರಿಂದ, ಅವರ ವಿಷಯದಲ್ಲಿ ಪೋಷಕರ ಒಪ್ಪಿಗೆಯೂ ಅಗತ್ಯ. ಒಪ್ಪಿಗೆ ಪತ್ರ ಕನ್ನಡದಲ್ಲಿಯೂ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹಿನ್ನೆಲೆಯಲ್ಲಿ, ಹೆಸರು ಮತ್ತು ನೋಂದಣಿ ಸಂಖ್ಯೆಗಳಿಗೆ ಬದಲಾಗಿ ಸಂಕೇತಗಳನ್ನು ಬಳಸುವ ಕ್ರಮವನ್ನು, ದತ್ತಾಂಶವನ್ನು ಯಾರು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಪ್ರಸ್ತಾವನೆಯಲ್ಲೇ ನಮೂದಿಸುವುದು ಒಳ್ಳೆಯದು. ಕಾಲೇಜಿನಲ್ಲಿ ನೈತಿಕ ಸಮಿತಿ ಇಲ್ಲದಿದ್ದರೆ ಸಂಯೋಜನೆ ಪಡೆದ ವಿಶ್ವವಿದ್ಯಾಲಯದ ಸಮಿತಿಯನ್ನು ಸಂಪರ್ಕಿಸಬಹುದು.

ಹಂತ 5: ಅನುದಾನದ ಮೂಲವನ್ನು ಆರಿಸುವುದು

ಮೊದಲು ಪರಿಶೀಲಿಸಬೇಕಾದದ್ದು ಸ್ವಂತ ಸಂಸ್ಥೆಯ ಸೀಡ್ ಮನಿ, ಅಂದರೆ ಸಂಶೋಧನೆಯನ್ನು ಆರಂಭಿಸಲು ಸಂಸ್ಥೆಯೇ ಕೊಡುವ ಸಣ್ಣ ಮೊತ್ತ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್ ಸಂಸ್ಥೆಯ ಏಳು ಮಾನದಂಡಗಳ ಪೈಕಿ ಮೂರನೆಯದು ಸಂಶೋಧನೆಗೆ ಸಂಬಂಧಿಸಿದ್ದು, ವಿಶ್ವವಿದ್ಯಾಲಯಗಳ ಕೈಪಿಡಿಯಲ್ಲಿ ಅಧ್ಯಾಪಕರಿಗೆ ಸೀಡ್ ಮನಿ ಕೊಟ್ಟ ವಿವರವನ್ನು ಕೇಳಲಾಗಿದೆ. ಹೀಗಾಗಿ ಆಂತರಿಕ ಗುಣಮಟ್ಟ ಭರವಸಾ ಕೋಶ, ಅಂದರೆ ಐಕ್ಯುಎಸಿಯ ಮೂಲಕ ಸಲ್ಲಿಸುವ ಸಣ್ಣ ಪ್ರಸ್ತಾವನೆ ಸಂಸ್ಥೆಗೂ ಪ್ರಯೋಜನಕಾರಿ.

ದೊಡ್ಡ ಅಧ್ಯಯನಕ್ಕೆ 1969ರಲ್ಲಿ ಸ್ಥಾಪನೆಯಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ಐಸಿಎಸ್‌ಎಸ್‌ಆರ್, ಪ್ರಮುಖ ಮೂಲ. ಅದರ ವ್ಯಾಪ್ತಿಯ ವಿಷಯಗಳಲ್ಲಿ ಶಿಕ್ಷಣವೂ ಸೇರಿದ್ದು, ಕಿರು ಮತ್ತು ಬೃಹತ್ ಸಂಶೋಧನಾ ಯೋಜನೆಗಳಿಗೆ ಕಾಲಕಾಲಕ್ಕೆ ಅರ್ಜಿ ಆಹ್ವಾನಿಸಲಾಗುತ್ತದೆ. ಅರ್ಜಿ ಹಾಕುವ ಮುನ್ನ ಕಾಲೇಜು 1956ರ ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಕಲಮುಗಳ ಪಟ್ಟಿಯಲ್ಲಿದೆಯೇ ಎಂದು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಮೊದಲನೆಯದು ಮಾನ್ಯತೆಗೆ, ಎರಡನೆಯದು ಕೇಂದ್ರದ ಅನುದಾನ ಪಡೆಯುವ ಅರ್ಹತೆಗೆ ಸಂಬಂಧಿಸಿದ್ದು. ಎನ್‌ಸಿಇಆರ್‌ಟಿಯ ಸಂಶೋಧನಾ ನೆರವಿನ ಗಮನ ಮುಖ್ಯವಾಗಿ ಶಾಲಾ ಶಿಕ್ಷಣದತ್ತ ಇದೆ. 2023ರ ಕಾಯ್ದೆಯಿಂದ ರೂಪುಗೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಒಲವು ಹೆಚ್ಚಾಗಿ ವಿಜ್ಞಾನ, ತಂತ್ರಜ್ಞಾನಗಳ ಕಡೆಗಿದೆ. ಪದವಿ ತರಗತಿಯ ಕಲಿಕೆಯನ್ನು ಕುರಿತ ಪ್ರಸ್ತಾವನೆಯನ್ನು ಇಂತಲ್ಲಿಗೆ ಕಳಿಸುವ ಮುನ್ನ ಆಯಾ ಪ್ರಕಟಣೆಯ ವ್ಯಾಪ್ತಿಯನ್ನು ಗಮನವಿಟ್ಟು ಓದಬೇಕು.

ಹಂತ 6: ಆಯವ್ಯಯ ಸಿದ್ಧಪಡಿಸುವುದು

ಲ್ಯಾಪ್‌ಟಾಪ್ ಮತ್ತು ಪ್ರಿಂಟರುಗಳಿಂದ ಆರಂಭವಾಗುವ ಆಯವ್ಯಯ, ಹಣಕ್ಕಾಗಿಯೇ ಪ್ರಶ್ನೆಯನ್ನು ಹೊಂದಿಸಿದಂತೆ ಕಾಣುತ್ತದೆ. ಮೇಲಿನ ಉದಾಹರಣೆಗೆ 1,50,000 ರೂಪಾಯಿಯ ಮಾದರಿ ಆಯವ್ಯಯವನ್ನು ಹೀಗೆ ವಿಂಗಡಿಸಬಹುದು:

• ಅರೆಕಾಲಿಕ ಸಂಶೋಧನಾ ಸಹಾಯಕರಿಗೆ ತಿಂಗಳಿಗೆ 12,000ದಂತೆ ಐದು ತಿಂಗಳು: 60,000
• ಪರೀಕ್ಷೆಯ ಕನ್ನಡ ಅನುವಾದ ಮತ್ತು ತಜ್ಞರ ಪರಿಶೀಲನೆ: 15,000
• ಮುದ್ರಣ ಹಾಗೂ ಧ್ವನಿಮುದ್ರಣ: 10,000
• ಇಪ್ಪತ್ತು ಸಂದರ್ಶನಗಳನ್ನು ಬರಹಕ್ಕಿಳಿಸಲು ತಲಾ 1,000ದಂತೆ: 20,000
• ಎರಡು ಕಾಲೇಜುಗಳ ನಡುವಿನ ಪ್ರಯಾಣ: 10,000
• ಫಲಿತಾಂಶ ಹಂಚಿಕೊಳ್ಳುವ ಒಂದು ದಿನದ ಕಾರ್ಯಾಗಾರ: 20,000
• ಲೆಕ್ಕ ಪರಿಶೋಧನೆ ಮತ್ತು ಸಾದಿಲ್ವಾರು: 15,000

ಪ್ರತಿಯೊಂದು ಸಾಲಿನ ಎದುರು ಅದು ವಿಧಾನದ ಯಾವ ಭಾಗಕ್ಕೆ ಬೇಕೆಂಬುದನ್ನು ಒಂದು ವಾಕ್ಯದಲ್ಲಿ ಸಮರ್ಥಿಸಬೇಕು. ಸಹಾಯಕರ ವೇತನಕ್ಕೆ, ಉಪಕರಣಗಳಿಗೆ, ಪ್ರಯಾಣಕ್ಕೆ ಅನುದಾನ ನೀಡುವ ಸಂಸ್ಥೆ ಮಿತಿಗಳನ್ನು ವಿಧಿಸಿದ್ದರೆ ಅವುಗಳೊಳಗೇ ಮೊತ್ತವನ್ನು ಹೊಂದಿಸಬೇಕು.

ಹಂತ 7: ಕಾಲಪಟ್ಟಿ ಮತ್ತು ಸಲ್ಲಿಕೆ

ತರಗತಿಯ ಸಂಶೋಧನೆಗೆ ಸೆಮಿಸ್ಟರಿನ ವೇಳಾಪಟ್ಟಿಯೇ ಗಡುವು. ಪೂರ್ವಪರೀಕ್ಷೆ ಮೊದಲ ವಾರದಲ್ಲೇ ನಡೆಯಬೇಕಾದ್ದರಿಂದ ಪರೀಕ್ಷೆಯ ಅನುವಾದ, ಬೇರೊಂದು ತರಗತಿಯಲ್ಲಿ ಅದರ ಪ್ರಾಯೋಗಿಕ ಬಳಕೆ ಮತ್ತು ನೈತಿಕ ಅನುಮೋದನೆ ಅದಕ್ಕೂ ಹಿಂದಿನ ಸೆಮಿಸ್ಟರಿನಲ್ಲೇ ಮುಗಿದಿರಬೇಕು. ಹಣದ ಮಂಜೂರಾತಿ ತಡವಾದರೆ ಇಡೀ ಅಧ್ಯಯನವನ್ನು ಒಂದು ವರ್ಷ ಮುಂದೂಡಬೇಕಾಗುತ್ತದೆ. ಏಕೆಂದರೆ ಮೊದಲ ಸೆಮಿಸ್ಟರ್ ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ. ಈ ಸಾಧ್ಯತೆಯನ್ನೂ ಪರ್ಯಾಯ ಕಾಲಪಟ್ಟಿಯಾಗಿ ಸೂಚಿಸುವುದು ಲೇಸು. ಪ್ರಾಂಶುಪಾಲರ ಅಥವಾ ಕುಲಸಚಿವರ ಶಿಫಾರಸು ಪತ್ರಕ್ಕೆ ಕೊನೆಯ ದಿನದವರೆಗೆ ಕಾಯದೆ ಮೊದಲೇ ಕೋರಿಕೆ ಸಲ್ಲಿಸಬೇಕು. ಸಲ್ಲಿಸುವ ಮುನ್ನ ಬೇರೆ ವಿಭಾಗದ ಒಬ್ಬರಿಂದ ಪ್ರಸ್ತಾವನೆಯನ್ನು ಓದಿಸಿದರೆ, ವಿಷಯ ತಜ್ಞರಲ್ಲದ ಪರಿಶೀಲಕರಿಗೆ ಯಾವ ಭಾಗ ಅಸ್ಪಷ್ಟವೆಂಬುದು ಗೊತ್ತಾಗುತ್ತದೆ.

ಹಂತ 8: ಮಂಜೂರಾದ ನಂತರದ ಲೆಕ್ಕಪತ್ರ

ಅನುದಾನ ಸಾಮಾನ್ಯವಾಗಿ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಮುಂದಿನ ಕಂತು ಬರಬೇಕಾದರೆ ಹಿಂದಿನದರ ಪ್ರಗತಿ ವರದಿ ಮತ್ತು ಹಣ ಬಳಕೆ ಪ್ರಮಾಣಪತ್ರ ತಲುಪಿರಬೇಕು. ಕೇಂದ್ರ ಸರ್ಕಾರದ ಅನುದಾನಕ್ಕೆ ಈ ಪ್ರಮಾಣಪತ್ರವು 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿರಬೇಕು. ಖರೀದಿಯ ಕೊಟೇಶನ್, ರಸೀದಿ, ಸ್ಟಾಕ್ ರಿಜಿಸ್ಟರಿನ ನಮೂದು, ಸಹಾಯಕರ ಹಾಜರಾತಿ ಇವೆಲ್ಲವನ್ನೂ ಮೊದಲ ದಿನದಿಂದಲೇ ಪ್ರತ್ಯೇಕ ಕಡತದಲ್ಲಿ ಇಟ್ಟುಕೊಂಡರೆ ಮಾರ್ಚ್ ಕೊನೆಯ ಧಾವಂತ ತಪ್ಪುತ್ತದೆ. ಮಂಜೂರಾದ ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ಬಳಸಬೇಕಾದರೆ ಖರ್ಚಿಗೆ ಮೊದಲೇ ಲಿಖಿತ ಅನುಮತಿ ಪಡೆಯಬೇಕು.

ಸಂಸ್ಥೆಗಳು ಮಾಡಬೇಕಾದದ್ದು

ವಿಶ್ವವಿದ್ಯಾಲಯ ಅಥವಾ ಕಾಲೇಜು ತಾನೇ ಇಂತಹ ಅನುದಾನ ಆರಂಭಿಸುವುದಾದರೆ ಎರಡು ಪುಟದ ಸರಳ ಅರ್ಜಿ, ಅರ್ಜಿದಾರರ ಹೆಸರು ಮರೆಮಾಡಿ ನಡೆಸುವ ಪರಿಶೀಲನೆ ಮತ್ತು ಸೆಮಿಸ್ಟರ್ ಆರಂಭಕ್ಕೆ ಮೊದಲೇ ಹಣ ಬಿಡುಗಡೆ ಎಂಬ ಮೂರು ನಿಯಮಗಳು ಸಾಕು. ಇವಕ್ಕಿಂತ ಮುಖ್ಯವಾದದ್ದು ಕಾರ್ಯಭಾರದ ಪ್ರಶ್ನೆ: ವಾರದ ಪೂರ್ಣ ಬೋಧನಾ ಅವಧಿಯ ಮೇಲೆ ಪರೀಕ್ಷಾ ಕೆಲಸವನ್ನೂ ಹೊತ್ತಿರುವ ಅಧ್ಯಾಪಕರಿಗೆ ಹಣವನ್ನಷ್ಟೇ ಕೊಟ್ಟರೆ ಅಧ್ಯಯನ ಮುಂದೆ ಸಾಗದು, ವಾರಕ್ಕೆ ಎರಡು ತಾಸುಗಳ ವಿನಾಯಿತಿಯಾದರೂ ಅನುದಾನದ ಭಾಗವಾಗಿರಬೇಕು. ಬೋಧನೆಯ ಹೊರೆ ಹೊತ್ತಿರುವ ಅತಿಥಿ ಉಪನ್ಯಾಸಕರಿಗೂ ಸಹ ಸಂಶೋಧಕರಾಗುವ ಅವಕಾಶವಿರಬೇಕು. ಹೊಸ ಬೋಧನಾಕ್ರಮದಿಂದ ವ್ಯತ್ಯಾಸವೇ ಕಾಣಲಿಲ್ಲವೆಂಬ ಫಲಿತಾಂಶವನ್ನೂ ಸಂಸ್ಥೆ ಪೂರ್ಣ ವರದಿಯಾಗಿ ಸ್ವೀಕರಿಸಬೇಕು. ಯಶಸ್ಸಿನ ವರದಿಗೆ ಮಾತ್ರ ಕೊನೆಯ ಕಂತು ಎಂಬ ಭಾವನೆ ಬೇರೂರಿದರೆ, ಮುಂದಿನ ಅಧ್ಯಾಪಕರು ಅದೇ ಕ್ರಮಕ್ಕೆ ಮತ್ತೆ ಹಣ ಮತ್ತು ಸಮಯ ವ್ಯಯಿಸಬೇಕಾಗುತ್ತದೆ.