ಒಂದು ಪರದೆಗೆ ಹಿಡಿಸುವಷ್ಟು

ಮಗೂ, ನೀನು ಕಟ್ಟಿದ ಟೆಸ್ಟ್ ಬೆಂಚ್ ಓಡುತ್ತಿದೆ ಅಂತ ಕೇಳಿ ಸಂತೋಷವಾಯಿತು. ನಿನ್ನ ಕೈ ಚುರುಕು, ತಲೆಯೂ ಚುರುಕು. ಆದರೆ ನಿನ್ನ ಬ್ಲಾಕ್ ಡಯಾಗ್ರಾಂ ನೋಡಿದೆನಲ್ಲ, ಎಡತುದಿಯಿಂದ ಬಲತುದಿಗೆ ಸ್ಕ್ರಾಲ್ ಮಾಡಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿಹೋಯಿತು! ಇಡೀ ಡಯಾಗ್ರಾಂ ಅನ್ನು ಪುಟ್ಟ ನಕ್ಷೆಯ ಥರ ತೋರಿಸುವ ನ್ಯಾವಿಗೇಷನ್ ವಿಂಡೋ, ಚಿತ್ರ ಮತ್ತು ವೈರುಗಳಿಂದ ಪ್ರೋಗ್ರಾಂ ಬರೆಯುವ ಈ ಲ್ಯಾಬ್‌ವ್ಯೂನಲ್ಲಿ ಇದೆ. ನೀನು ಅದನ್ನು ಮುಚ್ಚುವುದೇ ಇಲ್ಲ. ತಾನೇ ಬರೆದ ಪ್ರೋಗ್ರಾಂನಲ್ಲಿ ಓಡಾಡೋಕೆ ನಕ್ಷೆ ಬೇಕಾಯಿತು ಅಂದರೆ, ಅದನ್ನು ಬಿಡಿಸಿ ಚಿಕ್ಕದು ಮಾಡುವ ಹೊತ್ತು ಬಂತು ಅಂತಲೇ ತಿಳಿ.

ಬೇಕು ಅಂತ ಯಾರೂ ಇಷ್ಟು ದೊಡ್ಡದು ಬರೆಯೋದಿಲ್ಲ, ಗೊತ್ತು. ವೋಲ್ಟೇಜ್ ಓದಬೇಕು ಅಂದರು, ನೀನು ಒಂದು ವೈಲ್ ಲೂಪ್ ಹಾಕಿದೆ. ಟೆಂಪರೇಚರ್ ಕೂಡ ಬೇಕು ಅಂದರು, ಪಕ್ಕದಲ್ಲಿ ಜಾಗ ಇತ್ತು, ಅಲ್ಲೇ ಸೇರಿಸಿದೆ. ಆಮೇಲೆ ರಿಪೋರ್ಟ್, ಆಮೇಲೆ ಬಾರ್‌ಕೋಡ್. ಬಲಕ್ಕೆ, ಕೆಳಕ್ಕೆ ಜಾಗ ಮುಗಿಯುವುದೇ ಇಲ್ಲವಲ್ಲ! ಸದ್ಯಕ್ಕೆ ಅಲ್ಲಿರಲಿ ಅಂತ ಅಟ್ಟಕ್ಕೆ ಸಾಮಾನು ಎಸೆಯುವ ಹಾಗೆ ನೀನೂ ಎಸೆಯುತ್ತಾ ಹೋದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದ್ದಾರೆಯೇ?

ನಿನ್ನ ಮೇಜಿನ ಮೇಲೆ ಈಗ ಎರಡು ಮಾನಿಟರ್ ಇವೆ. 1986ರಲ್ಲಿ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್‌ನವರು ಲ್ಯಾಬ್‌ವ್ಯೂ ಅನ್ನು ಮೊದಲು ಮ್ಯಾಕಿಂಟಾಷ್‌ಗೆ ತಂದಾಗ ಆ ಕಂಪ್ಯೂಟರಿನ ಪರದೆ ಬರೀ 9 ಇಂಚು, ಕಪ್ಪು ಬಿಳುಪು, 512 ಪಿಕ್ಸೆಲ್ ಅಗಲ, 342 ಎತ್ತರ. ಅದರಲ್ಲಿ ಏನು ತಾನೇ ಹಿಡಿಸೀತು? ಒಂದು ವಿಐ (ವರ್ಚುಯಲ್ ಇನ್‌ಸ್ಟ್ರುಮೆಂಟ್, ಅಂದರೆ ಲ್ಯಾಬ್‌ವ್ಯೂನ ಒಂದು ಪ್ರೋಗ್ರಾಂ) ಒಳಗೆ ಇನ್ನೊಂದು ವಿಐ ಕೂರಬೇಕು, ಒಂದು ಉಪಕರಣದ ಹೊಟ್ಟೆಯಲ್ಲಿ ಸಣ್ಣ ಸಣ್ಣ ಉಪಕರಣಗಳಿರಬೇಕು ಅನ್ನುವುದು ಲ್ಯಾಬ್‌ವ್ಯೂನ ಮೂಲ ವಿಚಾರ. ಅದಕ್ಕೇ ಹೇಳೋದು, ಒಂದು ಡಯಾಗ್ರಾಂ ಒಂದು ಪರದೆಯಲ್ಲಿ ಪೂರ್ತಿ ಕಾಣಬೇಕು. ಮಾನಿಟರ್ ದೊಡ್ಡದು ಕೊಂಡರೆ ಈ ಮಾತು ಸಡಿಲವಾಗೋದಿಲ್ಲ, ಯಾಕೆಂದರೆ ನಿನ್ನ ಗಮನ ಅದರ ಜೊತೆ ದೊಡ್ಡದಾಗಿಲ್ಲ.

ಪೂರ್ತಿ ಕಾಣದಿದ್ದರೆ ಏನಾಗುತ್ತೆ ಕೇಳು. ಪಂಪ್ ಕಂಟ್ರೋಲರ್ ಟೆಸ್ಟ್ ಮಾಡುವ ಬೆಂಚ್ ಒಂದಿತ್ತು. ಅದನ್ನು ಬರೆದ ಹುಡುಗ ನಿನ್ನಷ್ಟೇ ಚುರುಕು. ರಿಲೇ ಆನ್ ಮಾಡು, 50 ಮಿಲಿಸೆಕೆಂಡ್ ಕಾಯಿ, ಆಮೇಲೆ ಕರೆಂಟ್ ಓದು. ಇಷ್ಟನ್ನು ಒಳಗೆ ಕೂರುವ ಸಣ್ಣ ವಿಐ, ಅಂದರೆ ಸಬ್‌ವಿಐ ಮಾಡುವ ಬದಲು ಕಾಪಿ ಹೊಡೆದು ಒಂಬತ್ತು ಕಡೆ ಅಂಟಿಸಿದ್ದ. ಹಳೆ ರಿಲೇ ಹೋಗಿ ಹೊಸದು ಬಂತು, ಅದು ನೆಲೆಗೊಳ್ಳೋಕೆ 80 ಮಿಲಿಸೆಕೆಂಡ್ ಬೇಕು. ಹುಡುಗ ಹುಡುಕಿ ಹುಡುಕಿ ಎಂಟು ಕಡೆ ಬದಲಾಯಿಸಿದ. ಒಂಬತ್ತನೆಯದು ಒಂದು ಕೇಸ್ ಸ್ಟ್ರಕ್ಚರ್‌ನ ಫಾಲ್ಸ್ ಕೇಸ್ ಒಳಗಿತ್ತು. ಪರದೆಯ ಮೇಲೆ ಕಾಣುತ್ತಿದ್ದದ್ದು ಟ್ರೂ ಕೇಸ್. ಅಕ್ಷರಗಳಲ್ಲಿ ಬರೆದ ಪ್ರೋಗ್ರಾಂನಲ್ಲಿ ಕಣ್ಣು ಓಡಿಸಿದರೆ ಎಲ್ಲವೂ ಕಾಣುತ್ತೆ, ಲ್ಯಾಬ್‌ವ್ಯೂನಲ್ಲಿ ಒಂದು ಕೇಸ್ ತೋರಿಸುವಾಗ ಉಳಿದವು ಅದರ ಹಿಂದೆ ಅಡಗಿರುತ್ತವೆ. ರಿಲೇ ನೆಲೆಗೊಳ್ಳುವ ಮೊದಲೇ ಅಲ್ಲಿ ಕರೆಂಟ್ ಓದಿದ್ದರಿಂದ ಒಂದು ಪಾಳಿ ಪೂರ್ತಿ ಒಳ್ಳೊಳ್ಳೆ ಪೀಸುಗಳು ರಿಜೆಕ್ಟ್ ಪೆಟ್ಟಿಗೆಗೆ ಬಿದ್ದವು.

ಹಾಗಾದರೆ ಎಲ್ಲಿ ಕತ್ತರಿಸಬೇಕು ಅಂತ ಕೇಳುತ್ತೀಯ. ಮೌಸ್ ಎಳೆದು ಒಂದು ಭಾಗ ಸೆಲೆಕ್ಟ್ ಮಾಡಿ, ಎಡಿಟ್ ಮೆನುವಿನಲ್ಲಿ ಕ್ರಿಯೇಟ್ ಸಬ್‌ವಿಐ ಒತ್ತೋದು ಯಾರಿಗೆ ಬರೋದಿಲ್ಲ? ಒತ್ತುವ ಮೊದಲು ಅದಕ್ಕೊಂದು ಹೆಸರು ಹೇಳು ನೋಡೋಣ. ‘ರಿಲೇ ಹಾಕಿ ಕರೆಂಟ್ ಓದು’ ಅಂದರೆ ಸರಿ, ಅದೊಂದು ಪೂರ್ತಿ ಕೆಲಸ. ‘ಕರೆಂಟ್ ಓದು, ಹಾಗೇ ರಿಪೋರ್ಟ್ ಬರೆ, ಲೈಟನ್ನೂ ಹಚ್ಚು’ ಅಂತ ಎಳೆದೆಯೋ, ಅದು ಮೂರು ಕೆಲಸ. ಹೆಸರೇ ಹೊಳೆಯಲಿಲ್ಲವಾ? ಕತ್ತರಿ ಕೆಳಗಿಡು, ಆ ಭಾಗ ನಿನಗೇ ಇನ್ನೂ ಅರ್ಥವಾಗಿಲ್ಲ. ನಿನ್ನ ಫೋಲ್ಡರ್‌ನಲ್ಲಿ ‘ಹೊಸದು 2’, ‘ಫೈನಲ್ ಫೈನಲ್’ ಅನ್ನುವ ಸಬ್‌ವಿಐಗಳನ್ನು ಕಂಡೆ. ಅವುಗಳ ಐಕಾನ್ ಕೂಡ ಹಾಗೇ ಬಿಟ್ಟಿದ್ದೀಯ. ಎರಡೇ ನಿಮಿಷ ಕೂತು ಐಕಾನ್ ಮೇಲೆ ಎರಡು ಪದ ಬರೆದುಬಿಡು. ನಿನ್ನ ನಂತರ ಬರುವವರು ನಿನ್ನನ್ನು ಹರಸುತ್ತಾರೆ.

ಸಬ್‌ವಿಐಗೆ ವೈರುಗಳು ಸೇರುವ ಕನೆಕ್ಟರ್ ಪೇನ್‌ನಲ್ಲಿ ತಾನಾಗಿ ಬರುವ 4-2-2-4 ಜೋಡಣೆಯನ್ನೇ ಇಟ್ಟುಕೊ. ಹನ್ನೆರಡು ತುದಿ. ಎರರ್ ವೈರು ಕೆಳಗೆ ಎಡದಿಂದ ಬರಲಿ, ಕೆಳಗೆ ಬಲದಿಂದ ಹೋಗಲಿ. ಎಲ್ಲ ಸಬ್‌ವಿಐಗಳಲ್ಲೂ ಹೀಗೇ ಇದ್ದರೆ ವೈರುಗಳು ನೆಟ್ಟಗೆ ಸಾಲಾಗಿ ಹೋಗುತ್ತವೆ. ಹನ್ನೆರಡು ಸಾಲದು ಅನ್ನಿಸಿತೋ, ಸಾಮಾನ್ಯವಾಗಿ ಕತ್ತರಿಸಿದ ಜಾಗ ತಪ್ಪಿರುತ್ತೆ, ಇಲ್ಲವೇ ಒಟ್ಟಿಗಿರಬೇಕಾದ ಬೆಲೆಗಳನ್ನು ನೀನು ಬಿಡಿಬಿಡಿಯಾಗಿ ಹೊರುತ್ತಿದ್ದೀಯ. ಅವನ್ನು ಒಂದು ಕ್ಲಸ್ಟರ್‌ಗೆ ಹಾಕಿ ಟೈಪ್‌ಡೆಫ್ ಮಾಡು. ನಾಳೆ ಇನ್ನೊಂದು ಸೇರಿಸಬೇಕಾದರೆ ಒಂದೇ ಕಡೆ ಬದಲಾಯಿಸಿದರೆ ಸಾಕು.

ಕಂಟ್ರೋಲ್-ಯು ಒತ್ತಿದರೆ ಎಲ್ಲ ಚೊಕ್ಕವಾಗುತ್ತೆ ಅಂತ ನೀನು ಅಂದೆ. ವೈರುಗಳೇನೋ ನೆಟ್ಟಗಾಗುತ್ತವೆ. ಆದರೆ ಇಷ್ಟು ದೊಡ್ಡ ಡಯಾಗ್ರಾಂನಲ್ಲಿ ಯಾವುದು ಎಲ್ಲಿದೆ ಅಂತ ನೀನು ಕಷ್ಟಪಟ್ಟು ನೆನಪಿಟ್ಟುಕೊಂಡಿರುತ್ತೀಯಲ್ಲ, ಅದೆಲ್ಲ ಒಂದೇ ಏಟಿಗೆ ಜಾಗ ಬದಲಿಸಿಬಿಡುತ್ತೆ. ಸಣ್ಣ ಸಬ್‌ವಿಐಗೆ ಅದು ಒಳ್ಳೆಯದು. ನಿನ್ನ ಈ ದೊಡ್ಡ ಡಯಾಗ್ರಾಂ ಮೇಲೆ ಪ್ರಯೋಗ ಬೇಡ.

ದೂರಕ್ಕೆ ವೈರು ಎಳೆಯೋಕೆ ಬೇಜಾರು ಅಂತ ಲೋಕಲ್ ವೇರಿಯಬಲ್ ಚೆಲ್ಲಿದ್ದೀಯ. ಇದಂತೂ ನನಗೆ ಸ್ವಲ್ಪವೂ ಹಿಡಿಸಲಿಲ್ಲ, ನೇರವಾಗಿ ಹೇಳುತ್ತೇನೆ. ತನಗೆ ಬರಬೇಕಾದ ಇನ್‌ಪುಟ್ ಎಲ್ಲ ಬಂದ ಮೇಲೆಯೇ ಒಂದು ನೋಡ್ ಓಡುತ್ತೆ, ಲ್ಯಾಬ್‌ವ್ಯೂನ ಶಿಸ್ತೇ ಅದು. ವೈರು ಇದ್ದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಕಣ್ಣಿಗೇ ಕಾಣುತ್ತೆ. ಲೋಕಲ್ ವೇರಿಯಬಲ್‌ಗೆ ಆ ಬಂಧನ ಇಲ್ಲ. ಒಂದು ಲೂಪ್ ಬರೆಯುತ್ತೆ, ಇನ್ನೊಂದು ಓದುತ್ತೆ. ಇವತ್ತು ಸರಿ ಬಂದದ್ದು ಬೇರೆ ಕಂಪ್ಯೂಟರಿನಲ್ಲಿ ಹಿಂದುಮುಂದಾಗಬಹುದು. ಸೀಕ್ವೆನ್ಸ್ ಸ್ಟ್ರಕ್ಚರ್ ಒಳಗೆ ಸೀಕ್ವೆನ್ಸ್ ತುರುಕಿ ಅದನ್ನು ಕಟ್ಟಿಹಾಕೋಕೆ ಹೋಗಬೇಡ. ಎರರ್ ವೈರನ್ನೇ ಒಂದರಿಂದ ಒಂದಕ್ಕೆ ಹಾಯಿಸಿದರೆ ಸರದಿ ತಾನಾಗಿ ಬರುತ್ತೆ. ಮೇಲಿನ ಹಂತಕ್ಕೆ ಸ್ಟೇಟ್ ಮೆಷಿನ್ ಮಾಡು: ಒಂದು ಲೂಪ್, ಒಂದು ಕೇಸ್ ಸ್ಟ್ರಕ್ಚರ್, ಮುಂದಿನ ಹೆಜ್ಜೆ ಯಾವುದು ಅಂತ ಹೊತ್ತೊಯ್ಯುವ ಒಂದು ಶಿಫ್ಟ್ ರಿಜಿಸ್ಟರ್. ಹೆಜ್ಜೆಗಳ ಹೆಸರುಗಳು ಟೈಪ್‌ಡೆಫ್ ಮಾಡಿದ ಎನಮ್‌ನಲ್ಲಿರಲಿ.

ನಿನ್ನ ಲ್ಯಾಪ್‌ಟಾಪ್ ನಿಧಾನ ಅಂತ ಬೈಯುತ್ತಿದ್ದೆ. ಪಾಪ, ಅದರ ತಪ್ಪೇನಿದೆ? ಒಂದೊಂದು ವಿಐಯೂ ಬೇರೆ ಬೇರೆಯಾಗಿ ಕಂಪೈಲ್ ಆಗುತ್ತೆ. ಎಲ್ಲ ಒಂದರಲ್ಲೇ ತುಂಬಿದ್ದರೆ ಒಂದು ವೈರು ಬದಲಿಸಿದರೂ ಅಷ್ಟನ್ನೂ ಮತ್ತೆ ಮಾಡಬೇಕು. ಇನ್ನೊಂದು ವಿಷಯ, ವಿಐ ಬೈನರಿ ಫೈಲು. ನೀನೂ ಜೊತೆಗೆ ಕೆಲಸ ಮಾಡುವ ನಿನ್ನ ಗೆಳತಿಯೂ ಒಂದೇ ವಿಐ ತಿದ್ದಿದರೆ ಗಿಟ್ ಅವೆರಡನ್ನು ತಾನಾಗಿ ಬೆಸೆಯೋದಿಲ್ಲ. ಬಿಡಿಸಿಟ್ಟರೆ ನಿನ್ನ ಭಾಗ ನಿನಗೆ, ಅವಳದು ಅವಳಿಗೆ.

ಹಾಗಂತ ಉತ್ಸಾಹದಲ್ಲಿ ಎರಡು ಸಂಖ್ಯೆ ಕೂಡಿಸೋಕೂ ಸಬ್‌ವಿಐ ಮಾಡಬೇಡ, ನೀನು ಮಾಡುವವನೇ! ಎಲ್ಲ ಕಿತ್ತು ಹೊಸದಾಗಿ ಬರೆಯುತ್ತೇನೆ ಅಂತಲೂ ಹೊರಡಬೇಡ. ಓಡುತ್ತಿರುವ ಬೆಂಚ್ ಅದು, ಅದನ್ನು ನಂಬಿ ಕೆಳಗೆ ಜನ ಕೆಲಸ ಮಾಡುತ್ತಿದ್ದಾರೆ. ಮೊದಲು ಹಳೆಯದರ ಒಂದು ಪ್ರತಿ ಎತ್ತಿಡು. ಚೆನ್ನಾಗಿದೆ ಅಂತ ಖಾತ್ರಿ ಇರುವ ಒಂದು ಪೀಸ್ ತಗೊಂಡು, ಹಳೆ ಪ್ರೋಗ್ರಾಂನಲ್ಲಿ ಹಾಯಿಸಿ ರೀಡಿಂಗ್ ಬರೆದಿಟ್ಟುಕೊ. ಆಮೇಲೆ ರಿಲೇ ಭಾಗ ಒಂದನ್ನೇ ಸಬ್‌ವಿಐ ಮಾಡಿ, ಅದೇ ಪೀಸನ್ನು ಮತ್ತೆ ಹಾಯಿಸು. ಅಂಕಿ ತಾಳೆಯಾದರೆ ಕಮಿಟ್ ಮಾಡು, ಮನೆಗೆ ಹೋಗಿ ಊಟ ಮಾಡು. ಟೆಂಪರೇಚರ್ ಭಾಗಕ್ಕೆ ಮಾರನೇ ದಿನ ಕೈ ಹಾಕಿದರಾಯಿತು. ಬೆಳಗ್ಗೆ ಬರುತ್ತೇನೆ, ಇಬ್ಬರೂ ಕೂತು ಮಾಡೋಣ.