ಬೆಳಕಿನ ಎಳೆಗಳ ಬೆಸುಗೆ

ರಾಜಾಜಿನಗರ, ವಿಜಯನಗರಗಳ ಅಡ್ಡರಸ್ತೆಗಳಲ್ಲಿ ಕಂಬದಿಂದ ಕಂಬಕ್ಕೆ ಜೋತುಬಿದ್ದ ಕರಿಯ ಕೇಬಲುಗಳನ್ನು ವಾಚಕರು ಕಂಡೇ ಇರುತ್ತಾರೆ. ಮಳೆಗಾಳಿಗೆ ಕೊಂಬೆಯೊಂದು ಮುರಿದುಬಿದ್ದರೆ ಬೀದಿಯ ಮನೆಗಳಲ್ಲಿ ಇಂಟರ್‌ನೆಟ್ ನಿಂತುಹೋಗುವುದುಂಟು. ದುರಸ್ತಿಗೆ ಬಂದವರು ತಾಮ್ರದ ತಂತಿಯಂತೆ ತುದಿಗಳನ್ನು ಹೊಸೆದು ಹೋಗಲಾರರು. ಪುಟ್ಟ ಯಂತ್ರವೊಂದನ್ನು ತೆರೆದು ಕೂರುತ್ತಾರೆ. ಅದೇಕೆಂಬುದನ್ನು ವಿಚಾರಿಸೋಣ.

ಕೇಬಲಿನ ಒಳಗಿರುವುದು ಗಾಜಿನ ಎಳೆ, ಎಂದರೆ ದ್ಯುತಿತಂತು. ಅದರ ವ್ಯಾಸ 125 ಮೈಕ್ರೋಮೀಟರ್. ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕಿಗೆ ದಾರಿಯಾದ ನಡುತಿರುಳಾದರೋ ಸುಮಾರು 9 ಮೈಕ್ರೋಮೀಟರ್ ಮಾತ್ರ. 1550 ನ್ಯಾನೋಮೀಟರ್ ತರಂಗಾಂತರದ ಕಣ್ಣಿಗೆ ಕಾಣದ ಬೆಳಕು ತಿರುಳಿನಾಚೆಗೂ ಕೊಂಚ ಹಬ್ಬಿ, ಸುಮಾರು 10.4 ಮೈಕ್ರೋಮೀಟರ್ ಅಗಲದ ಚುಕ್ಕೆಯಾಗಿ ಸಾಗುತ್ತದೆ.

ಇಂಥ ಎರಡು ತುದಿಗಳನ್ನು ಎದುರುಬದುರಾಗಿ ಹಿಡಿಯೋಣ. ಒಂದು ತುದಿ ಪಕ್ಕಕ್ಕೆ 1 ಮೈಕ್ರೋಮೀಟರ್ ಜರುಗಿದರೆ ನಷ್ಟವಾಗುವ ಬೆಳಕು ಶೇಕಡ 4ಕ್ಕೂ ಕಡಿಮೆ. 2.6 ಜರುಗಿದರೆ ಶೇಕಡ 22, 5.2 ಜರುಗಿದರೆ ಶೇಕಡ 63! ನಷ್ಟವು ಮೊದಮೊದಲು ಜರುಗಿದ ದೂರದ ವರ್ಗಕ್ಕೆ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ. ತುದಿಗಳ ನಡುವಣ ಅಂತರ ಇಷ್ಟು ಕಟ್ಟುನಿಟ್ಟಿನದಲ್ಲ. ಗಾಳಿಯಲ್ಲಿ 10 ಮೈಕ್ರೋಮೀಟರ್ ದೂರವಾದರೂ ಬೆಳಕು ಹರಡಿ ಕಳೆಯುವುದು ಶೇಕಡ 1ಕ್ಕೂ ಕಡಿಮೆ. ಗಾಜಿನ ಮೇಲ್ಮೈಗಳಿಂದ ಪ್ರತಿಫಲಿಸಿ ಹೋಗುವುದು ಬೇರೆ ಲೆಕ್ಕ.

ಇನ್ನು ದಿಕ್ಕು. ಗವಿಪುರದ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುತ್ತದೆ. ಕಿಂಡಿ ವರ್ಷವೆಲ್ಲ ಅಲ್ಲಿಯೇ ಇದೆ. ಆದರೆ ಸೂರ್ಯನ ದಿಕ್ಕು ಬದಲಾದರೆ ಕಿರಣ ಲಿಂಗವನ್ನು ಸೇರದು. ದ್ಯುತಿತಂತುವಿಗೂ ಹೀಗೆಯೇ: ಬೆಳಕು 1 ಡಿಗ್ರಿ ಓರೆಯಾಗಿ ಬಂದರೆ ನಷ್ಟ ಶೇಕಡ 3ರಷ್ಟು, 5.4 ಡಿಗ್ರಿಯಾದರೆ ಶೇಕಡ 63.

ಹಾಗಾದರೆ ಮಸೂರವಿಟ್ಟು ಚುಕ್ಕೆಯನ್ನು 1 ಮಿಲಿಮೀಟರಿಗೆ ಹಿಗ್ಗಿಸಬಾರದೇಕೆ? ಹಿಗ್ಗಿಸಬಹುದು. ಆಗ 5 ಮೈಕ್ರೋಮೀಟರಿನ ಜಾರುವಿಕೆ ಲೆಕ್ಕಕ್ಕೇ ಇಲ್ಲ. ಆದರೆ ಕಿರಣದ ಅಗಲ ಸುಮಾರು 96 ಪಟ್ಟು ಬೆಳೆದಂತೆ ಅದು ಸಹಿಸುವ ಓರೆ ಅಷ್ಟೇ ಪಟ್ಟು ಕುಗ್ಗುತ್ತದೆ. ಡಿಗ್ರಿಯ ಹದಿನೆಂಟನೆಯ ಒಂದು ಪಾಲು ಓರೆಯಾದರೆ ಅದೇ ಶೇಕಡ 63 ನಷ್ಟ! ಸ್ಥಾನದಲ್ಲಿ ಗಳಿಸಿದ್ದನ್ನು ದಿಕ್ಕಿನಲ್ಲಿ ತೆರಲೇಬೇಕು. ಇದು ಕುಶಲತೆಯ ಕೊರತೆಯಲ್ಲ, ಬೆಳಕಿನ ತರಂಗಸ್ವಭಾವ.

ರಸ್ತೆಬದಿಯ ಯಂತ್ರ ಮಾಡುವುದು ಈ ಹೊಂದಾಣಿಕೆಯನ್ನೇ. ಅದು ಕ್ಯಾಮರಾದಿಂದ ಎಳೆಗಳನ್ನು ಎರಡು ದಿಕ್ಕುಗಳಲ್ಲಿ ನೋಡಿ, ತುದಿಗಳನ್ನು ಸರಿಹೊಂದಿಸಿ, ವಿದ್ಯುತ್ ಕಿಡಿಯಿಂದ ಬೆಸೆಯುತ್ತದೆ. ಕರಗಿದ ಗಾಜಿನ ಮೇಲ್ಮೈ ಎಳೆತವೂ ಅಳಿದುಳಿದ ಓರೆಕೋರೆಯನ್ನು ತಿದ್ದಲು ನೆರವಾಗುತ್ತದೆ. ಒಳ್ಳೆಯ ಬೆಸುಗೆಯಲ್ಲಿ ಕಳೆದುಹೋಗುವ ಬೆಳಕು ಶೇಕಡ ಒಂದೆರಡು ಮಾತ್ರ.